ಸೊಂಟದುದ್ದ ಜಡೆ, ಏಳೂಮುಕ್ಕಾಲಿನ ಬಸ್ಸು: ಕೆಲಸಕ್ಕೆ ಹೋಗುವವರಿಗೆ ಉದ್ದ ಕೂದಲಿನ ಸಮಗ್ರ ಮಾರ್ಗದರ್ಶಿ

ಸೊಂಟ ಮುಟ್ಟುವ ದಟ್ಟ ಕೂದಲನ್ನು ತೊಳೆಯಲು ಇಪ್ಪತ್ತು ನಿಮಿಷ ಸಾಕು. ಒಣಗಲು ಮಾತ್ರ ಫ್ಯಾನಿನಡಿ ಕೂತರೂ ಎರಡು ಮೂರು ಗಂಟೆ ಬೇಕು. ಐದಕ್ಕೆ ಎದ್ದು, ಹಾಲು ಕಾಯಿಸಿ, ತಿಂಡಿ ಮಾಡಿ, ಮೂರು ಡಬ್ಬಿ ಕಟ್ಟಿ, ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ, 7:45ಕ್ಕೆ ಬಸ್ ಸ್ಟಾಪಿನಲ್ಲಿ ಇರಬೇಕಾದವರ ಬೆಳಗಿನಲ್ಲಿ ಆ ಮೂರು ಗಂಟೆ ಎಲ್ಲೂ ಇಲ್ಲ. ನಾಲ್ಕಕ್ಕೆ ಎದ್ದರೂ ಸಿಗುವುದಿಲ್ಲ, ಏಕೆಂದರೆ ಒಲೆಯ ಮುಂದೆ ನಿಂತಷ್ಟು ಹೊತ್ತೂ ಕೂದಲು ಟವೆಲಿನಲ್ಲಿ ಸುತ್ತಿಕೊಂಡೇ ಇರುತ್ತದೆ. ಕೊನೆಗೆ ಹಸಿ ಕೂದಲನ್ನೇ ಹೆಣೆದು ಹೊರಡುವುದಾಗುತ್ತದೆ. ಕೆಲಸಕ್ಕೆ ಹೋಗುವವರ ಕೂದಲು ಹಾಳಾಗುವುದು ಹೆಚ್ಚಾಗಿ ಈ ಹಸಿ ಜಡೆಯಿಂದ.

ಹಾಗಾಗಿ ಇಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕಾದ ನಿಯಮ ಒಂದೇ: ಕೆಲಸದ ದಿನ ಬೆಳಿಗ್ಗೆ ಕೂದಲಿಗೆ ನೀರು ತಾಗಿಸಬೇಡಿ. ತೊಳೆಯುವುದು, ಒಣಗಿಸುವುದು, ಸಿಕ್ಕು ಬಿಡಿಸುವುದು ಮೂರೂ ಸಂಜೆಯ ಕೆಲಸ. ಬೆಳಿಗ್ಗೆಗೆ ಉಳಿಯಬೇಕಾದದ್ದು ಐದು ನಿಮಿಷದ ಜಡೆ ಮಾತ್ರ. ಮುಂದೆ ಹೇಳುವುದೆಲ್ಲ ಈ ಐದು ನಿಮಿಷವನ್ನು ಉಳಿಸಿಕೊಳ್ಳುವ ದಾರಿ.

ಹಸಿ ಕೂದಲು ಏಕೆ ಅಷ್ಟು ಮೆತ್ತಗೆ

ನೀರು ಹೀರಿದ ಕೂದಲು ಉಬ್ಬುತ್ತದೆ, ರಬ್ಬರಿನಂತೆ ಹಿಗ್ಗುತ್ತದೆ. ಆ ಸ್ಥಿತಿಯಲ್ಲಿ ಬಾಚಣಿಗೆ ಎಳೆದರೆ ಮೊದಲು ಹಿಗ್ಗಿ, ಆಮೇಲೆ ನಡುವಿನಲ್ಲೇ ತುಂಡಾಗುತ್ತದೆ. ಬುಡದಿಂದ ಉದುರಿದ ಕೂದಲಿನ ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟು ಕಾಣುತ್ತದೆ. ತುಂಡಾದ ಕೂದಲಿಗೆ ಅದು ಇರುವುದಿಲ್ಲ, ಉದ್ದವೂ ಗಿಡ್ಡ. ಬಾಚಣಿಗೆಯಲ್ಲಿ ಸಿಕ್ಕಿದ್ದನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಗಿಡ್ಡ ತುಂಡುಗಳೇ ಹೆಚ್ಚಿದ್ದರೆ ಅದು ಕೂದಲು ಉದುರುವ ಕಾಯಿಲೆಯಲ್ಲ, ಬಾಚುವ ರೀತಿಯ ತಪ್ಪು. ದುಬಾರಿ ಎಣ್ಣೆ ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಿಕೊಂಡರೆ ಎಷ್ಟೋ ದುಡ್ಡು ಉಳಿಯುತ್ತದೆ.

ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಆ ಲೆಕ್ಕದಲ್ಲಿ ಸೊಂಟದ ಬಳಿ ತೂಗುವ ತುದಿಗೆ ಐದು ವರ್ಷ ವಯಸ್ಸು. ಐದು ವರ್ಷದ ಬಿಸಿಲು, ಬಾಚಣಿಗೆ, ದಿಂಬು ಎಲ್ಲವನ್ನೂ ಕಂಡ ಹಳೆಯ ನೂಲು ಅದು. ಹೊಸದಾಗಿ ಹುಟ್ಟಿದ ಬುಡಕ್ಕೂ ಈ ತುದಿಗೂ ಒಂದೇ ಆರೈಕೆ ಸಲ್ಲುವುದಿಲ್ಲ. ಬುಡಕ್ಕೆ ಬೇಕಾದದ್ದು ಶುಚಿ, ತುದಿಗೆ ಬೇಕಾದದ್ದು ಜಿಡ್ಡು.

ವಾರದ ಲೆಕ್ಕ

ಹೆಚ್ಚಿನವರಿಗೆ ವಾರಕ್ಕೆ ಎರಡು ತಲೆಸ್ನಾನ ಸಾಕು. ಹೆಲ್ಮೆಟ್ ಹಾಕುವವರಿಗೆ, ಬೆವರುವ ಕೆಲಸದವರಿಗೆ, ಕರಾವಳಿಯ ಸೆಕೆಯಲ್ಲಿರುವವರಿಗೆ ಮೂರು ಬೇಕಾಗಬಹುದು. ಒಂದನ್ನು ರಜೆಯ ದಿನ ಮಧ್ಯಾಹ್ನಕ್ಕೆ ಮುಂಚೆ ಇಟ್ಟುಕೊಳ್ಳಿ. ಅವತ್ತು ಎಣ್ಣೆ, ಸೀಗೆ ಎಲ್ಲ ನಿಧಾನವಾಗಿ ಆಗಲಿ. ಇನ್ನೊಂದು ವಾರದ ನಡುವೆ, ಸಂಜೆ 6:30ರಿಂದ 7:15ರ ಒಳಗೆ. ಅದಕ್ಕಿಂತ ತಡವಾದರೆ ಮಲಗುವ ಹೊತ್ತಿಗೆ ಬುಡ ಒಣಗಿರುವುದಿಲ್ಲ. ಅಂಥ ದಿನ ಸ್ನಾನವನ್ನು ಮರುದಿನಕ್ಕೆ ಮುಂದೂಡಿ, ಹಸಿ ತಲೆಯಲ್ಲಿ ಮಲಗಬೇಡಿ.

ಮಂಗಳವಾರ, ಶುಕ್ರವಾರ ಬೆಳಿಗ್ಗೆ ತಲೆಗೆ ಹಾಕಿಕೊಂಡೇ ದೇವರ ದೀಪ ಹಚ್ಚುವ ಮನೆಗಳು ನಮ್ಮಲ್ಲಿ ಬಹಳ. ಕೆಲಸಕ್ಕೆ ಹೋಗುವ ಸೊಸೆಗೆ ಬಿಕ್ಕಟ್ಟು ಶುರುವಾಗುವುದು ಇಲ್ಲೇ. ಗುರುವಾರ ಸಂಜೆ ತಲೆಸ್ನಾನ ಮುಗಿಸಿ, ಶುಕ್ರವಾರ ಬೆಳಿಗ್ಗೆ ಮೈಸ್ನಾನ ಮಾಡಿ ದೀಪ ಹಚ್ಚುವ ಕ್ರಮಕ್ಕೆ ಅನೇಕ ಮನೆಗಳಲ್ಲಿ ಹಿರಿಯರು ಒಪ್ಪುತ್ತಾರೆ. ಗಡಿಬಿಡಿಯ ಬೆಳಿಗ್ಗೆ ಕೇಳಬೇಡಿ. ಭಾನುವಾರ ಊಟವಾದ ಮೇಲೆ, "ಅತ್ತೆ, ಹಸಿ ತಲೇಲಿ ಹೋಗಿ ಹೋಗಿ ಹೊಟ್ಟು ಜಾಸ್ತಿ ಆಗ್ತಿದೆ, ಗುರುವಾರ ಸಂಜೆನೇ ಹಾಕ್ಕೋತೀನಿ" ಎಂದು ಕಾರಣ ಮುಂದಿಟ್ಟು ಹೇಳಿ. ಒಪ್ಪದ ಮನೆಯಲ್ಲಿ ಶುಕ್ರವಾರದ ಮಟ್ಟಿಗೆ ತಿಂಡಿಯ ಜವಾಬ್ದಾರಿ ಬೇರೆಯವರಿಗೆ ಹೋಗಬೇಕು. ಉಪ್ಪಿಟ್ಟೋ ಅವಲಕ್ಕಿಯೋ ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು, ಕೂದಲು ಒಣಗಿಸುವುದನ್ನು ನಿಮ್ಮ ಪರವಾಗಿ ಯಾರೂ ಮಾಡಲಾರರು. ಮುಟ್ಟಿನ ನಾಲ್ಕನೆಯ ದಿನದ ಸ್ನಾನವನ್ನೂ ವಾರದ ಎರಡರಲ್ಲಿ ಒಂದಾಗಿ ಎಣಿಸಿ, ಮೇಲೊಂದು ಸೇರಿಸಬೇಡಿ.

ಮಲೆನಾಡು, ಕೊಡಗಿನ ಮಳೆಗಾಲದಲ್ಲಿ ಫ್ಯಾನಿಗೂ ಕೂದಲು ಒಣಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರದ ನಡುವಿನ ಸ್ನಾನದಲ್ಲಿ ಬುಡ ಮಾತ್ರ ತೊಳೆಯಬಹುದು: ಕತ್ತಿನಿಂದ ಕೆಳಗಿನ ಜಡೆ ಹಾಗೇ ಇರಲಿ, ಅದಕ್ಕೊಂದು ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ತಲೆಯನ್ನಷ್ಟೇ ತೊಳೆಯಿರಿ. ಒಣಗುವ ಹೊತ್ತು ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಎಣ್ಣೆ: ಎಷ್ಟು, ಎಷ್ಟು ಹೊತ್ತು

ಸೊಂಟದುದ್ದಕ್ಕೆ ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಸಾಕು. ಅದರಲ್ಲಿ ಒಂದು ಸಣ್ಣ ಚಮಚದಷ್ಟು ನೆತ್ತಿಗೆ, ಉಳಿದದ್ದೆಲ್ಲ ಕಿವಿಯಿಂದ ಕೆಳಕ್ಕೆ. ಕೊಬ್ಬರಿ ಎಣ್ಣೆಯ ಕಣಗಳು ಕೂದಲಿನ ಒಳಕ್ಕೆ ಇಳಿಯುತ್ತವೆ. ಇದರಿಂದ ತೊಳೆಯುವಾಗ ಕೂದಲು ಹೀರುವ ನೀರೂ, ಕಳೆದುಕೊಳ್ಳುವ ಪ್ರೋಟೀನೂ ಕಡಿಮೆಯಾಗುತ್ತವೆ. ಆದ್ದರಿಂದ ಎಣ್ಣೆಯ ನಿಜವಾದ ಕೆಲಸ ಸ್ನಾನಕ್ಕೆ ಮುಂಚೆ. ಒಂದೆರಡು ಗಂಟೆ ಮೊದಲು ಹಚ್ಚಿದರೆ ಸಾಕು, ರಾತ್ರಿಯಿಡೀ ಬಿಡಲೇಬೇಕೆಂದಿಲ್ಲ. ಹರಳೆಣ್ಣೆ ಇಷ್ಟವಿದ್ದರೆ ನಾಲ್ಕು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲು ಬೆರೆಸಿ. ಅದನ್ನೊಂದನ್ನೇ ಹಚ್ಚಿದರೆ ತೊಳೆಯಲು ಎರಡು ಪಟ್ಟು ಶ್ಯಾಂಪೂ ಬೇಕಾಗಿ, ಬಂದ ಲಾಭ ಅಲ್ಲೇ ಹೋಗುತ್ತದೆ.

ಎಣ್ಣೆ ಬೆಚ್ಚಗೆ ಮಾಡಲು ಬಟ್ಟಲನ್ನು ನೇರ ಒಲೆಯ ಮೇಲೆ ಇಡಬೇಡಿ. ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಟ್ಟರೆ ಬೆಚ್ಚಗಾಗುತ್ತದೆ. ಬೆರಳ ತುದಿಯಿಂದ ನೆತ್ತಿಯ ಚರ್ಮ ಅಲುಗುವ ಹಾಗೆ ಒತ್ತಿ. ಅಂಗೈಯಿಂದ ಗಸಗಸ ಉಜ್ಜಿದರೆ ಸಿಕ್ಕಾಗುತ್ತದೆ.

ಹೊಟ್ಟು ಇರುವವರಿಗೆ ಎಣ್ಣೆ ಹಚ್ಚು ಎಂದು ಹೇಳುವುದು ನಮ್ಮಲ್ಲಿ ರೂಢಿ. ಇದು ತಪ್ಪು. ಹೊಟ್ಟಿನ ಹಿಂದಿರುವ ಮಲಸೀಜಿಯಾ ಎಂಬ ಶಿಲೀಂಧ್ರ ಬದುಕುವುದೇ ಜಿಡ್ಡಿನ ಮೇಲೆ. ಹೊಟ್ಟು ಹೋಗುವತನಕ ನೆತ್ತಿಗೆ ಎಣ್ಣೆ ಬೇಡ, ತುದಿಗೆ ಮಾತ್ರ. ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡಾ 2ರ ಕೀಟೊಕೊನಜೋಲ್ ಶ್ಯಾಂಪೂವನ್ನು ನೆತ್ತಿಗೆ ಹಚ್ಚಿ, 3ರಿಂದ 5 ನಿಮಿಷ ಬಿಟ್ಟು ತೊಳೆಯಿರಿ. ವಾರಕ್ಕೆ ಎರಡು ಸಲದಂತೆ ನಾಲ್ಕು ವಾರ. ಹಚ್ಚಿದ ತಕ್ಷಣ ತೊಳೆದುಬಿಟ್ಟು "ಏನೂ ಉಪಯೋಗ ಇಲ್ಲ" ಎನ್ನುವವರೇ ಹೆಚ್ಚು. ಔಷಧಿ ಕೆಲಸ ಮಾಡುವುದು ಆ ಐದು ನಿಮಿಷದಲ್ಲೇ. ಬಸುರಿಯರು, ಹಾಲೂಡಿಸುವವರು ವೈದ್ಯರನ್ನು ಕೇಳಿ ಬಳಸಿ.

ತೊಳೆಯುವುದು

ಶುರುಮಾಡುವ ಮೊದಲು ಒಣ ಕೂದಲಿನ ಸಿಕ್ಕು ಪೂರ್ತಿ ಬಿಡಿಸಿಕೊಳ್ಳಿ. ನೀರು ಬಿದ್ದ ಮೇಲೆ ಪ್ರತಿ ಸಿಕ್ಕೂ ಬಿಗಿದು ಗಂಟಾಗುತ್ತದೆ.

ಶ್ಯಾಂಪೂ ಆದರೆ ಎರಡು ಸಣ್ಣ ಚಮಚವನ್ನು ಅರ್ಧ ಚೊಂಬು ನೀರಿಗೆ ಕದಡಿ ಬುಡಕ್ಕೆ ಮಾತ್ರ ಹಾಕಿ. ತುದಿಗೆ ಬೇರೆ ಹಾಕುವುದು ಬೇಡ, ಮೇಲಿಂದ ಇಳಿಯುವ ನೊರೆಯೇ ಸಾಕು. ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ ಬಟ್ಟೆ ಒಗೆದಂತೆ ಉಜ್ಜಬೇಡಿ. ನಿಂತ ಭಂಗಿಯಲ್ಲಿ, ಕೂದಲು ಬೆನ್ನ ಮೇಲೆ ಇಳಿಬಿದ್ದಿರುವಂತೆ ತೊಳೆದರೆ ಸಿಕ್ಕು ಅರ್ಧಕ್ಕರ್ಧ ಕಡಿಮೆ. ಆಮೇಲೆ ಒಂದೂವರೆ ದೊಡ್ಡ ಚಮಚ ಕಂಡೀಷನರ್, ಕಿವಿಯಿಂದ ಕೆಳಕ್ಕೆ, ಮೂರು ನಿಮಿಷ. ನೆತ್ತಿಗೆ ತಾಗಿದರೆ ಮರುದಿನವೇ ಕೂದಲು ಅಂಟಂಟು.

ಸೀಗೆಪುಡಿಯನ್ನು ನೇರವಾಗಿ ಹಚ್ಚುವುದು ಗಿಡ್ಡ ಕೂದಲಿಗೆ ಸರಿ. ಉದ್ದ ಕೂದಲಲ್ಲಿ ಅದರ ಚರಟ ಉಳಿದು, ಎರಡು ದಿನ ದಿಂಬಿನ ಮೇಲೆ, ರವಿಕೆಯ ಮೇಲೆ ಉದುರುತ್ತಿರುತ್ತದೆ. ಕಷಾಯ ಮಾಡಿಕೊಳ್ಳಿ. ಎಂಟು ಸೀಗೆಕಾಯಿ, ಬೀಜ ತೆಗೆದ ಐದಾರು ಅಂಟುವಾಳ, ಒಂದು ಸಣ್ಣ ಚಮಚ ಮೆಂತ್ಯವನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಾಫಿಗೆ ಹಾಲಿಡುವಾಗ ಪಕ್ಕದ ಒಲೆಯಲ್ಲಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಕುದಿಸಿ. ಆರಿದ ಮೇಲೆ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ. ಸಂಜೆಗೆ ಸಿದ್ಧ. ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ, ಆಮೇಲೆ ಹುಳಿ ವಾಸನೆ ಬರುತ್ತದೆ. ಕಣ್ಣಿಗೆ ಬಿದ್ದರೆ ವಿಪರೀತ ಉರಿ, ಹಾಗಾಗಿ ತಲೆಯನ್ನು ಹಿಂದಕ್ಕೆ ಬಾಗಿಸಿ ಹಾಕಿಕೊಳ್ಳಿ. ಮೈಸೂರು ಕಡೆಯವರು ಸೇರಿಸುವ ಚಿಗರೆಪುಡಿ, ಮಲೆನಾಡಿನವರ ದಾಸವಾಳ ಸೊಪ್ಪಿನ ಲೋಳೆ ಎರಡೂ ಸಿಕ್ಕು ಬಿಡಿಸುವುದರಲ್ಲಿ ಕಂಡೀಷನರ್‌ಗೆ ಸಮ. ಲೋಳೆಯನ್ನು ಮಾತ್ರ ಸೋಸದೆ ಬಳಸಬೇಡಿ.

ಬೋರ್‌ವೆಲ್ ನೀರಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟುಗಳಲ್ಲಿ, ಕೋಲಾರ, ತುಮಕೂರು ಕಡೆ ಬರುವುದು ಹೆಚ್ಚಾಗಿ ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನದಂಡ ಗಡಸುತನಕ್ಕೆ ಇಟ್ಟಿರುವ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪುತ್ತದೆ. ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟಿದ್ದರೆ, ಸೋಪು ನೊರೆ ಬರದಿದ್ದರೆ ನಿಮ್ಮದೂ ಗಡಸು ನೀರೇ. ಇದರಲ್ಲಿ ತಲೆಗೆ ಸೋಪು ಹಾಕಿದರೆ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಜಿಡ್ಡಾಗಿ ಕೂದಲಿಗೆ ಕೂರುತ್ತದೆ, ಎಷ್ಟು ತೊಳೆದರೂ ಕೂದಲು ತೆಂಗಿನ ನಾರಿನಂತೆ. ಮನೆಗೆಲ್ಲ ಸಾಫ್ಟ್‌ನರ್ ಹಾಕಿಸಬೇಕಾಗಿಲ್ಲ. ತೊಳೆಯುವುದು ಅದೇ ನೀರಿನಲ್ಲಿ ಆಗಲಿ. ಕೊನೆಯ ಎರಡು ಚೊಂಬು ಮಾತ್ರ ಕಾವೇರಿ ನೀರೋ, ಹಿಡಿದಿಟ್ಟ ಮಳೆನೀರೋ, ಕುಡಿಯಲು ಇಟ್ಟ ಆರ್‌ಓ ನೀರೋ ಇರಲಿ. ತಿಂಗಳಿಗೊಮ್ಮೆ ಇಡಿಟಿಎ (ಕ್ಯಾಲ್ಸಿಯಂ ಹಿಡಿದು ತೆಗೆಯುವ ರಾಸಾಯನಿಕ) ಇರುವ ಶ್ಯಾಂಪೂ ಬಳಸಿದರೆ ಕಟ್ಟಿದ ಪೊರೆಯೂ ಸ್ವಲ್ಪ ಸಡಿಲವಾಗುತ್ತದೆ.

ನೀರು ಉಗುರುಬೆಚ್ಚಗಿದ್ದರೆ ಸಾಕು. ಮೈಗೆ ಹಿತವಾಗುವ ಹಂಡೆಯ ಸುಡುನೀರು ತಲೆಗೆ ಬೇಡ.

ಒಣಗಿಸುವುದು

ಗೆಲ್ಲುವುದೂ ಸೋಲುವುದೂ ಇಲ್ಲೇ. ಮೊದಲು ಬಚ್ಚಲಿನಲ್ಲೇ ಕೂದಲನ್ನು ಮುಂದಕ್ಕೆ ತಂದುಕೊಂಡು, ಎರಡೂ ಕೈಯ ಮುಷ್ಟಿಯಲ್ಲಿ ಮೇಲಿಂದ ಕೆಳಕ್ಕೆ ಹಿಸುಕುತ್ತ ಬನ್ನಿ. ತಿರುಚಿ ಹಿಂಡಬೇಡಿ. ಹೀಗೆ ನಾಲ್ಕು ಸಲ ಮಾಡಿದರೆ ತೊಟ್ಟಿಕ್ಕುವುದು ನಿಲ್ಲುತ್ತದೆ.

ಟರ್ಕಿ ಟವೆಲಿನ ಕುಣಿಕೆಗಳಿಗೆ ಕೂದಲು ಸಿಕ್ಕಿಕೊಳ್ಳುತ್ತದೆ. ಹಳೆಯ ಪಂಚೆ, ಒಗೆದು ಒಗೆದು ಮೆತ್ತಗಾದ ಕಾಟನ್ ಸೀರೆಯ ಎರಡು ಮೀಟರ್ ತುಂಡು ಇದಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲಿ ಸುತ್ತಿ ಹದಿನೈದು ನಿಮಿಷ ಬಿಡಿ. ಅಷ್ಟರಲ್ಲಿ ಬಟ್ಟೆ ನೆನೆದಿರುತ್ತದೆ, ಬಿಚ್ಚಿ ಇನ್ನೊಂದು ಒಣ ತುಂಡು ಸುತ್ತಿ. ಎರಡನೆಯ ಬಟ್ಟೆ ಬದಲಿಸುವ ಈ ಒಂದು ಹೆಜ್ಜೆ ಒಣಗುವ ಹೊತ್ತಿನಲ್ಲಿ ಅರ್ಧ ಗಂಟೆಯಾದರೂ ಉಳಿಸುತ್ತದೆ. ಇದೇ ಮೂವತ್ತು ನಿಮಿಷದಲ್ಲಿ ಅನ್ನಕ್ಕಿಟ್ಟು, ಸಾರು ಕುದಿಸಿಬಿಡಬಹುದು. ಬಟ್ಟೆಯ ಸೆರಗು ಒಲೆಯತ್ತ ಜೋತುಬೀಳದಂತೆ ಹಿಂದೆ ಸಿಕ್ಕಿಸಿರಿ.

ಬಗ್ಗಿ ನಿಂತು ಟವೆಲಿನಿಂದ ಪಟಪಟ ಬಡಿದು ನೀರು ಹಾರಿಸುವುದನ್ನು ತಾಯಂದಿರಿಂದ ಕಲಿತವರು ಬಹಳ ಮಂದಿ. ದಯವಿಟ್ಟು ಬಿಡಿ. ಹಸಿ ಕೂದಲಿಗೆ ಅದು ನಿಜವಾಗಿಯೂ ಪೆಟ್ಟೇ, ತುದಿ ಕವಲೊಡೆಯುತ್ತದೆ.

ಊಟ, ಮಕ್ಕಳ ಹೋಮ್‌ವರ್ಕ್ ಎಲ್ಲ ಫ್ಯಾನಿನಡಿ ಕೂದಲು ಹರವಿಕೊಂಡೇ ನಡೆಯಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಬೆರಳಿನಿಂದ ಬುಡ ಎತ್ತಿ ಗಾಳಿಯಾಡಿಸಿ. ತುದಿ ತಾನಾಗಿ ಒಣಗುತ್ತದೆ, ಕತ್ತಿನ ಹಿಂದಿನ ಬುಡ ಮಾತ್ರ ಕೊನೆಯವರೆಗೂ ಹಸಿ. ಅಲ್ಲಿ ಬೆರಳಿಟ್ಟು ತಣ್ಣಗೆ ತಾಗಿದರೆ ಇನ್ನೂ ಒಣಗಿಲ್ಲವೆಂದೇ ಅರ್ಥ. ಒಂಬತ್ತೂವರೆಗೂ ಹಾಗೇ ಇದ್ದರೆ ಹೇರ್ ಡ್ರೈಯರ್ ಬಳಸಲು ಹೆದರಬೇಡಿ. ಒಂದು ಗೇಣು ದೂರ ಹಿಡಿದು, ನಡುವಿನ ಬಿಸಿಯಲ್ಲಿ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ ಐದು ನಿಮಿಷ. ಗಂಟೆಗಟ್ಟಲೆ ಹಸಿಯಾಗಿ ಉಳಿಯುವುದಕ್ಕಿಂತ ಈ ಐದು ನಿಮಿಷದ ಹದವಾದ ಬಿಸಿ ಕೂದಲಿಗೆ ಮೇಲು.

ಸಾಂಬ್ರಾಣಿ ಹೊಗೆ ಪರಿಮಳಕ್ಕೆ ಸರಿ, ಒಣಗಿಸಲು ಅಲ್ಲ. ಉಬ್ಬಸ ಇರುವವರು, ಹಸುಗೂಸು ಇರುವ ಮನೆಯವರು ಬಿಟ್ಟುಬಿಡುವುದೇ ಒಳ್ಳೆಯದು.

ಸಿಕ್ಕು, ಆಮೇಲೆ ರಾತ್ರಿಯ ಜಡೆ

ಅಗಲ ಹಲ್ಲಿನ ಬಾಚಣಿಗೆ ಹಿಡಿದು ತುದಿಯಿಂದ ಶುರುಮಾಡಿ. ಕೊನೆಯ ನಾಲ್ಕು ಬೆರಳಷ್ಟು ಸಡಿಲವಾದ ಮೇಲೆ ಇನ್ನು ನಾಲ್ಕು ಬೆರಳು ಮೇಲಕ್ಕೆ. ಎಳೆಯುವ ಜಾಗಕ್ಕಿಂತ ಮೇಲೆ ಇನ್ನೊಂದು ಕೈಯಿಂದ ಕೂದಲನ್ನು ಬಿಗಿಯಾಗಿ ಹಿಡಿದಿರಿ, ಬುಡಕ್ಕೆ ನೋವಾಗದು. ಗಟ್ಟಿ ಗಂಟು ಸಿಕ್ಕಾಗ ಬಾಚಣಿಗೆ ಕೆಳಗಿಡಿ. ಎರಡು ಹನಿ ಕೊಬ್ಬರಿ ಎಣ್ಣೆಯನ್ನು ಗಂಟಿಗೆ ಸವರಿ, ಹೆಬ್ಬೆರಳು ತೋರುಬೆರಳಿನಲ್ಲಿ ಅದನ್ನು ಅಗಲಕ್ಕೆ ಎಳೆಯಿರಿ, ಉದ್ದಕ್ಕಲ್ಲ. ಒಂದು ನಿಮಿಷದಲ್ಲಿ ಗಂಟಿನ ನಡುವೆ ಕಿಂಡಿ ಕಾಣುತ್ತದೆ. ಬಾಚಣಿಗೆಯ ಕೊನೆಯ ಒಂದೇ ಹಲ್ಲನ್ನು ಆ ಕಿಂಡಿಗೆ ತೂರಿಸಿ ಒಂದೊಂದೇ ಎಳೆ ಕೆಳಕ್ಕೆ ಬಿಡಿಸಿ.

ಪೂರ್ತಿ ಒಣಗಿದ ಕೂದಲನ್ನು ಸಡಿಲವಾದ ಒಂದೇ ಜಡೆ ಹಾಕಿ, ತುದಿಯಿಂದ ಎರಡಂಗುಲ ಮೇಲೆ ಬಟ್ಟೆಯ ಬ್ಯಾಂಡ್ ಕಟ್ಟಿ ಮಲಗಿ. ಬಿಚ್ಚಿಕೊಂಡು ಮಲಗಿದರೆ ಬೆಳಿಗ್ಗೆ ಸಿಕ್ಕು ಬಿಡಿಸಲು ಹದಿನೈದು ನಿಮಿಷ, ಜಡೆ ಹಾಕಿ ಮಲಗಿದರೆ ಎರಡೇ ನಿಮಿಷ. ಐದಕ್ಕೆ ಏಳುವವರು ಹತ್ತರ ಹೊತ್ತಿಗಾದರೂ ಮಲಗಬೇಕಲ್ಲ, ರಾತ್ರಿಯ ಈ ಕೆಲಸವೆಲ್ಲ 9:45ಕ್ಕೆ ಮುಗಿಯುವ ಹಾಗೆ ನೋಡಿಕೊಳ್ಳಿ.

ಬೆಳಗಿನ ಐದು ನಿಮಿಷ

ಎದ್ದ ಕೂಡಲೇ ರಾತ್ರಿಯ ಜಡೆಯನ್ನು ಸುತ್ತಿ ತುರುಬು ಮಾಡಿ ಒಂದು ಕ್ಲಚರ್ ಹಾಕಿ ಅಡುಗೆಮನೆಗೆ ಹೋಗಿ. ಗ್ಯಾಸಿನ ಉರಿ, ಮಿಕ್ಸಿ, ಒಗ್ಗರಣೆಯ ಎಣ್ಣೆಹೊಗೆ ಮೂರರಿಂದಲೂ ಕಾಪಾಡಿದಂತೆ. ಮೈಸ್ನಾನಕ್ಕೆ ಶವರ್ ಕ್ಯಾಪ್. ಹೊರಡುವ ಹತ್ತು ನಿಮಿಷ ಮೊದಲು ಬಿಚ್ಚಿ, ಬಾಚಿ, ಹೊಸದಾಗಿ ಹೆಣೆಯಿರಿ.

ಬೈತಲೆಯನ್ನು ತಿಂಗಳಿಗೊಮ್ಮೆಯಾದರೂ ಅರ್ಧ ಅಂಗುಲ ಆಚೀಚೆ ಮಾಡಿ. ಹಣೆಯ ಅಂಚು, ಕಿವಿಯ ಮುಂದೆ ಕೂದಲು ವಿರಳವಾಗುತ್ತಿದ್ದರೆ ಬಿಗಿ ಜಡೆಯೇ ಕಾರಣವಿರಬಹುದು. ಹುಬ್ಬು ಮೇಲಕ್ಕೆ ಎಳೆದಂತೆ ಅನಿಸಿದರೆ ಅದು ಅತಿ ಬಿಗಿ. ಬೇಗ ಸಡಿಲಿಸಿದರೆ ಕೂದಲು ಮರಳಿ ಬರುತ್ತದೆ, ವರ್ಷಗಟ್ಟಲೆ ಎಳೆದ ಮೇಲೆ ಬರುವುದಿಲ್ಲ.

ದ್ವಿಚಕ್ರ ವಾಹನದವರು ಕತ್ತಿನ ಮಟ್ಟದಲ್ಲಿ ಕೆಳಗೆ ಜಡೆ ಹಾಕಿ, ತುದಿಯನ್ನು ಜಾಕೆಟ್ಟಿನೊಳಗೆ ತೂರಿಸಿಕೊಳ್ಳಿ. ನೆತ್ತಿಯ ಮೇಲಿನ ಜುಟ್ಟಿದ್ದರೆ ಹೆಲ್ಮೆಟ್ ಸರಿಯಾಗಿ ಕೂರದು, ಬಿದ್ದಾಗ ಅದು ಕಾಪಾಡದು. ಒಳಗೊಂದು ತೆಳು ಕಾಟನ್ ಸ್ಕಾರ್ಫ್ ಕಟ್ಟಿ, ಅದನ್ನು ದಿನಾ ಒಗೆಯಿರಿ. ಬಸ್ಸು, ಮೆಟ್ರೋದಲ್ಲಿ ಕೂರುವಾಗ ಜಡೆಯನ್ನು ಮುಂದಕ್ಕೆ ಹಾಕಿಕೊಳ್ಳಿ, ಬೆನ್ನಿಗೂ ಸೀಟಿಗೂ ನಡುವೆ ಸವೆಯುವುದು ತಪ್ಪುತ್ತದೆ. ಗಾರ್ಮೆಂಟ್ಸ್‌ನಲ್ಲಿ, ಯಾವುದೇ ತಿರುಗುವ ಯಂತ್ರದ ಬಳಿ ಕೆಲಸ ಮಾಡುವವರಿಗೆ ಜಡೆ ಇಳಿಬಿಡುವ ಆಯ್ಕೆಯೇ ಇಲ್ಲ: ತುರುಬು, ಅದರ ಮೇಲೆ ಕ್ಯಾಪು. ಮಲ್ಲಿಗೆಯ ಮೇಲೆ ಚಿಮುಕಿಸಿದ ನೀರನ್ನು ಒಮ್ಮೆ ಕೊಡವಿ ಮುಡಿಯಿರಿ, ಸಂಜೆ ಮನೆಗೆ ಬಂದ ತಕ್ಷಣ ತೆಗೆಯಿರಿ.

ಮಗಳ ಎರಡು ಜಡೆ, ಹೇನು

ಅನೇಕ ಶಾಲೆಗಳಲ್ಲಿ ಎರಡು ಜಡೆ, ರಿಬ್ಬನ್ ಕಡ್ಡಾಯ. ನಿಮ್ಮ ಐದು ನಿಮಿಷವನ್ನು ಮೊದಲು ತಿಂದುಹಾಕುವುದು ಅದೇ. ಈ ಕೆಲಸ ಅಪ್ಪನದಾಗಲಿ. ನೆತ್ತಿಯಿಂದ ಕತ್ತಿನವರೆಗೆ ಬಾಚಣಿಗೆಯ ತುದಿಯಲ್ಲಿ ನೇರ ಬೈತಲೆ ತೆಗೆದು, ಒಂದು ಪಕ್ಕವನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಪಕ್ಕಕ್ಕಿಡುವುದು. ಇನ್ನೊಂದು ಪಕ್ಕವನ್ನು ಮೂರು ಸಮ ಕಾಲು (ಎಳೆ) ಮಾಡಿ, ಬಲಗಾಲನ್ನು ನಡುವಿನದರ ಮೇಲೆ ದಾಟಿಸಿ, ಆಮೇಲೆ ಎಡಗಾಲನ್ನು ದಾಟಿಸುವುದು. ಪ್ರತಿ ಸಲ ದಾಟಿಸಿದ ಮೇಲೂ ಮೂರನ್ನೂ ಸಮನಾಗಿ ಎಳೆದುಕೊಳ್ಳಬೇಕು. ಕಾಲುಗಳು ಸಮವಿಲ್ಲದಿದ್ದರೆ ಜಡೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಅರ್ಧ ಜಡೆಯಾದ ಮೇಲೆ ರಿಬ್ಬನ್ನನ್ನು ಒಂದು ಕಾಲಿನೊಂದಿಗೆ ಸೇರಿಸಿ ಹೆಣೆದರೆ ಆಟದ ಮೈದಾನದಲ್ಲೂ ಜಾರುವುದಿಲ್ಲ. ಒಂದು ವಾರ ಸೊಟ್ಟಗಾಗುತ್ತದೆ, ಎರಡನೆಯ ವಾರದಲ್ಲಿ ಕೈ ಕೂಡುತ್ತದೆ.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಹೇನು ಬರುವುದು ಸಹಜ, ಅದು ಕೊಳಕಿನ ಗುರುತಲ್ಲ. ಸೀರು ಒಡೆದು ಮರಿಯಾಗಲು ಏಳರಿಂದ ಹತ್ತು ದಿನ. ಹಾಗಾಗಿ ಶೇಕಡಾ 1ರ ಪರ್ಮೆಥ್ರಿನ್ ಲೋಷನ್ ಹಾಕಿ ಹತ್ತು ನಿಮಿಷಕ್ಕೆ ತೊಳೆದ ಮೇಲೆ, ಒಂಬತ್ತನೆಯ ದಿನ ಮತ್ತೊಮ್ಮೆ ಹಾಕಲೇಬೇಕು. ಎರಡನೆಯ ಸಲ ತಪ್ಪಿಸಿದರೆ ಎಲ್ಲ ಮೊದಲಿನಿಂದ. ಲೋಷನ್ನಿಗೆ ಮುಂಚೆ ಕಂಡೀಷನರ್ ಬೇಡ, ಔಷಧಿ ಹಿಡಿಯುವುದಿಲ್ಲ. ಎರಡು ದಿನಕ್ಕೊಮ್ಮೆ ಸೀರಣಿಗೆಯಲ್ಲಿ ಬಾಚಿ, ಮನೆಮಂದಿಯ ತಲೆಯನ್ನೆಲ್ಲ ಒಂದೇ ದಿನ ನೋಡಿ. ಸೀಮೆಎಣ್ಣೆ ಹಚ್ಚುವುದು ಬೆಂಕಿಗೂ ವಿಷಕ್ಕೂ ದಾರಿ, ಯಾರು ಹೇಳಿದರೂ ಬೇಡ.

ಉದುರುವುದು ಹೆಚ್ಚಾದಾಗ

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಮೂರು ದಿನ ಜಡೆಯಲ್ಲೇ ಸಿಕ್ಕಿಕೊಂಡಿದ್ದವೆಲ್ಲ ಸ್ನಾನದ ದಿನ ಒಟ್ಟಿಗೆ ಬಂದಾಗ ಮುಷ್ಟಿ ತುಂಬುತ್ತದೆ, ಗಾಬರಿ ಬೇಡ. ಹೆರಿಗೆಯಾಗಿ ಎರಡರಿಂದ ನಾಲ್ಕು ತಿಂಗಳಿಗೆ, ಡೆಂಗಿ, ಟೈಫಾಯ್ಡ್‌ನಂಥ ಜ್ವರ ಬಂದು ಎರಡು ಮೂರು ತಿಂಗಳಿಗೆ ಹಿಡಿಹಿಡಿಯಾಗಿ ಉದುರುತ್ತದೆ. ಸಾಮಾನ್ಯವಾಗಿ ಆರೆಂಟು ತಿಂಗಳಲ್ಲಿ ತಾನೇ ಸರಿಹೋಗುತ್ತದೆ. ಅದಕ್ಕೂ ಮೀರಿದರೆ, ಬೈತಲೆ ಅಗಲವಾಗುತ್ತ ಹೋದರೆ, ನಾಣ್ಯದಗಲ ಬೋಳಾದರೆ ಚರ್ಮವೈದ್ಯರಲ್ಲಿಗೆ ಹೋಗಿ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್ ಈ ಮೂರು ರಕ್ತಪರೀಕ್ಷೆಗಳ ಬಗ್ಗೆ ನೀವಾಗಿಯೇ ಕೇಳಿ. ಹೆಂಗಸರಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ.

ಎಲ್ಲರಿಗೂ ಬಡಿಸಿ ತಾನು ಕಾಫಿ ಕುಡಿದು ಬಸ್ ಹತ್ತುವವರಲ್ಲಿ ಇದು ತೀರಾ ಸಾಮಾನ್ಯ. ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಬೇಕು. ಅಂದರೆ 55 ಕಿಲೋ ಇರುವವರಿಗೆ 44 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ. ತಿಂಡಿಯ ಜೊತೆ ಮೊಟ್ಟೆಯೋ, ಹೆಸರುಕಾಳಿನ ಉಸಲಿಯೋ ನಿಮ್ಮ ತಟ್ಟೆಗೂ ಬೀಳಲಿ. ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರೆ ಬೆಳಗಿನ ಕಾಫಿಯ ಜೊತೆ ನುಂಗಬೇಡಿ, ಕಾಫಿ ಟೀ ಎರಡೂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಮಾತ್ರೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಹನ್ನೊಂದರ ಹೊತ್ತಿಗೆ ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ, ಆಮೇಲೆ ಒಂದು ಗಂಟೆ ಕಾಫಿ ಬೇಡ.